ನಿಂತ ಪಿಂಚಣಿಯ ಹಳೆಯ ಬಾಕಿ: ‘ಹಿಂದಿನದನ್ನು ನೋಡಲಾಗದು’ ಎಂದಾಗ ಏನು ಮಾಡಬೇಕು?

ಜುಮಾ ನಮಾಝ್ ಮುಗಿದು ಜನ ಚದುರುವ ಹೊತ್ತಿಗೆ, ಬ್ಯಾಂಕ್ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದು, ಓದು ಬಲ್ಲ ಯಾರಾದರೂ ಸಿಗುವರೇ ಎಂದು ಕಾಯುವ ವೃದ್ಧರನ್ನು ನಾವೆಲ್ಲ ನೋಡಿದ್ದೇವೆ. ಅವರದು ಸಾಮಾನ್ಯವಾಗಿ ಒಂದೇ ಪ್ರಶ್ನೆ: “ಪಿಂಚಣಿ ನಿಂತಿತ್ತು, ಈಗ ಮತ್ತೆ ಶುರುವಾಗಿದೆ. ನಡುವೆ ಬಾರದ ತಿಂಗಳುಗಳ ಹಣ ಎಲ್ಲಿ ಹೋಯಿತು?” ಕಚೇರಿಯಲ್ಲಿ ಕೇಳಿದರೆ ಬರುವ ಉತ್ತರವೂ ಸಾಮಾನ್ಯವಾಗಿ ಒಂದೇ: “ಹಿಂದಿನದನ್ನು ಈಗ ನೋಡಲು ಬರುವುದಿಲ್ಲ. ಮುಂದಿನದು ಬರುತ್ತದೆಯಲ್ಲ, ಸಾಕು ಬಿಡಿ.”

ಹೆಚ್ಚಿನವರು ಅಲ್ಲಿಗೆ ಬಿಟ್ಟು ಮನೆಗೆ ಬರುತ್ತಾರೆ. ಬಿಡಬೇಕಾಗಿಲ್ಲ. ಬಾಯಿಮಾತಿನ ಈ ‘ಇಲ್ಲ’ವನ್ನು ಕಾಗದದ ಮೇಲೆ ತರಿಸಿಕೊಳ್ಳುವುದು ಹೇಗೆ, ಅದರ ಮೇಲೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸುವುದು ಹೇಗೆ ಎಂಬುದನ್ನು ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಇಲ್ಲಿ ವಿವರಿಸಿದ್ದೇವೆ.

ಒಂದು ಮನೆಯ ಲೆಕ್ಕ

ಉದಾಹರಣೆಗೆ ಹೀಗೆ ಅಂದುಕೊಳ್ಳೋಣ. ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಳ್ಳಿ. ರೇಷ್ಮೆ ಸೀರೆ ನೇಯುವವರ ಮನೆಗಳಿಗೆ ನೂಲು ಸುತ್ತಿಕೊಟ್ಟು ಬದುಕುವ ಒಬ್ಬ ವಿಧವೆ ತಾಯಿ. ಅವರಿಗೆ ವಿಧವಾ ವೇತನ ಮಂಜೂರಾಗಿದೆ. ತಿಂಗಳಿಗೆ 800 ರೂಪಾಯಿ. ಒಂದು ತಿಂಗಳು ಹಣ ಬರಲಿಲ್ಲ. ಮರು ತಿಂಗಳೂ ಇಲ್ಲ. ವಿಚಾರಿಸಿದಾಗ ಗೊತ್ತಾದದ್ದು ಇಷ್ಟು: ಮಂಜೂರಾತಿ ಆದೇಶದಲ್ಲಿ ಹೆಸರಿನ ಕೊನೆಗೆ ‘ಬೀ’ ಇದೆ, ಆಧಾರ್‌ನಲ್ಲಿ ‘ಬೇಗಂ’ ಎಂದಿದೆ, ಬ್ಯಾಂಕಿನಲ್ಲಿ ಎರಡೂ ಇಲ್ಲ. ಹಣ ಖಾತೆಗೆ ಸೇರದೆ ಮರಳಿದೆ. ಎಲ್ಲವನ್ನೂ ಸರಿಪಡಿಸುವಷ್ಟರಲ್ಲಿ 14 ತಿಂಗಳು ಕಳೆದವು. ಪಿಂಚಣಿ ಮತ್ತೆ ಶುರುವಾಯಿತು, ಆದರೆ ಆ 14 ತಿಂಗಳದ್ದು ಬರಲಿಲ್ಲ.

14 ತಿಂಗಳಿಗೆ 800ರಂತೆ 11,200 ರೂಪಾಯಿ. ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ ಪಡೆಯುವ ವೃದ್ಧರಾಗಿದ್ದರೆ ಇದೇ ಅವಧಿಗೆ 16,800 ರೂಪಾಯಿ. ಸರ್ಕಾರದ ಕಡತದಲ್ಲಿ ಇದು ಸಣ್ಣ ಮೊತ್ತ. ಆ ಮನೆಯಲ್ಲಿ ಅದು ಕಿರಾಣಿ ಅಂಗಡಿಯ ಸಾಲ, ಸಕ್ಕರೆ ಕಾಯಿಲೆಯ ಮಾತ್ರೆ, ಮೊಮ್ಮಗಳ ಶಾಲೆಯ ಖರ್ಚು.

ಹೆಸರಿನ ತೊಡಕು ನಮ್ಮ ಮನೆಗಳಲ್ಲಿ ಹೆಚ್ಚು. ಉರ್ದು ಉಚ್ಚಾರವನ್ನು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ತಮಗೆ ತೋಚಿದಂತೆ ಬರೆದಿರುತ್ತಾರೆ. ಮಳೆ ಕೈಕೊಟ್ಟ ವರ್ಷ ಮಕ್ಕಳ ಜೊತೆ ಬೆಂಗಳೂರಿಗೋ ಕಾಫಿ ತೋಟಗಳ ಕಡೆಗೋ ಹೋದಾಗ ಊರಿನಲ್ಲಿ ಪರಿಶೀಲನೆ ನಡೆದು, ‘ವಾಸವಿಲ್ಲ’ ಎಂದು ದಾಖಲಾಗುವುದೂ ಉಂಟು. ಬದುಕಿರುವವರನ್ನು ‘ಮೃತ’ ಎಂದು ಗುರುತು ಮಾಡಿದ ತಪ್ಪುಗಳೂ ಉಂಟು.

ಇದು ಖೈರಾತ್ ಅಲ್ಲ

“ಸರ್ಕಾರ ಕೊಟ್ಟಾಗ ತೆಗೆದುಕೊಳ್ಳಬೇಕು, ಕೊಡದಿದ್ದಾಗ ಜಗಳವಾಡಬಾರದು” ಎಂದು ನಮ್ಮ ಹಿರಿಯರು ಹೇಳುವುದಿದೆ. ಅವರ ಸಂಕೋಚ ಅರ್ಥವಾಗುತ್ತದೆ. ಆದರೆ ಇಲ್ಲಿ ಯಾರೂ ಕೈ ಚಾಚಿ ಬೇಡುತ್ತಿಲ್ಲ. ಅರ್ಹತೆಯನ್ನು ಪರಿಶೀಲಿಸಿ, ತಹಶೀಲ್ದಾರರು ಸಹಿ ಮಾಡಿ, ಆದೇಶ ಸಂಖ್ಯೆ ಕೊಟ್ಟ ಮೇಲೆ ಅದು ಆ ವ್ಯಕ್ತಿಗೆ ಸಲ್ಲಬೇಕಾದ ಹಕ್ಕು. ಎರಡನೇ ಖಲೀಫಾ ಉಮರ್ (ರ)ರವರು ‘ದೀವಾನ್’ ಎಂಬ ದಫ್ತರವನ್ನು ಮಾಡಿಸಿ, ಬೈತುಲ್ ಮಾಲ್‌ನಿಂದ ಯಾರಿಗೆ ಎಷ್ಟು ಸಲ್ಲಬೇಕೆಂದು ಹೆಸರು ಹೆಸರಾಗಿ ಬರೆಸಿದರು. ಹೆಸರು ದಫ್ತರದಲ್ಲಿದ್ದವರು ತಮ್ಮ ಪಾಲನ್ನು ಕೇಳುವುದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇಲ್ಲ.

ನಮ್ಮ ದೇಶದ ನ್ಯಾಯಾಲಯಗಳೂ ಈ ವಿಷಯವನ್ನು ಹಗುರವಾಗಿ ಕಂಡಿಲ್ಲ. 2001ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಆಹಾರದ ಹಕ್ಕಿನ ಪ್ರಕರಣದಲ್ಲಿ, ಆ ವರ್ಷದ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿತು. ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯನ್ನು ಪ್ರತಿ ತಿಂಗಳ 7ನೇ ತಾರೀಖಿನೊಳಗೆ ಪಾವತಿಸಬೇಕೆಂದು ಅದರಲ್ಲಿ ರಾಜ್ಯಗಳಿಗೆ ಸೂಚಿಸಲಾಗಿತ್ತು. ಬಡ ವೃದ್ಧರಿಗೆ ಹಣ ಸಿಗುವುದಷ್ಟೇ ಸಾಲದು, ಅದು ಹೊತ್ತಿಗೆ ಸರಿಯಾಗಿ ಸಿಗಬೇಕು ಎಂಬುದು ಅದರ ತಿರುಳು.

ನಿಮ್ಮ ಬಾಕಿ ಯಾವ ಬಗೆಯದು?

ಅರ್ಜಿ ಬರೆಯುವ ಮೊದಲು ಇದನ್ನು ತಿಳಿದುಕೊಳ್ಳಬೇಕು. ಬಾಕಿಯಲ್ಲಿ ಮೂರು ಬಗೆಗಳಿವೆ.

ಒಂದು, ಮಂಜೂರಾತಿ ಆದೇಶ ಜಾರಿಯಲ್ಲೇ ಇದೆ, ಆದರೆ ಹಣ ತಲುಪಿಲ್ಲ. ಆಧಾರ್ ಜೋಡಣೆಯ ತೊಂದರೆ, ಮುಚ್ಚಿಹೋದ ಖಾತೆ, ತಪ್ಪು ಖಾತೆ ಸಂಖ್ಯೆ ಇತ್ಯಾದಿ ಕಾರಣಗಳಿಂದ ಪಾವತಿ ಮರಳಿರುತ್ತದೆ. ಇಲ್ಲಿ ನಿಮ್ಮ ಅರ್ಹತೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ನಿಮ್ಮ ವಾದ ಅತ್ಯಂತ ಗಟ್ಟಿಯಾಗಿರುವುದು ಈ ಬಗೆಯಲ್ಲಿ.

ಎರಡು, ಅಧಿಕಾರಿಯೇ ಪಿಂಚಣಿಯನ್ನು ನಿಲ್ಲಿಸಿದ್ದಾರೆ ಅಥವಾ ರದ್ದು ಮಾಡಿದ್ದಾರೆ. ‘ವಾಸವಿಲ್ಲ’, ‘ಮೃತ’, ‘ಆದಾಯ ಹೆಚ್ಚು’ ಎಂಬಂಥ ಕಾರಣ ಬರೆದಿರುತ್ತಾರೆ. ಇಲ್ಲಿ ಮೊದಲು ಆ ನಿಲುಗಡೆಯೇ ತಪ್ಪು ಎಂದು ತೋರಿಸಬೇಕು. ನಿಲ್ಲಿಸುವ ಮೊದಲು ನಿಮಗೆ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಿದ್ದರೇ ಎಂಬುದು ಮುಖ್ಯ ಪ್ರಶ್ನೆ. ಕೇಳದೆ ನಿಲ್ಲಿಸಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪ.

ಮೂರು, ಅರ್ಜಿಯನ್ನೇ ತಪ್ಪಾಗಿ ತಿರಸ್ಕರಿಸಿದ್ದರು, ಮುಂದೆ ಹೊಸ ಅರ್ಜಿ ಹಾಕಿದಾಗ ಮಂಜೂರಾಯಿತು. ಈ ಬಗೆಯಲ್ಲಿ ಬಾಕಿ ಪಡೆಯುವುದು ಕಷ್ಟ. ಪಿಂಚಣಿ ಸಾಮಾನ್ಯವಾಗಿ ಮಂಜೂರಾತಿಯ ನಂತರವೇ ಆರಂಭವಾಗುತ್ತದೆ. ಮೊದಲ ತಿರಸ್ಕಾರ ತಪ್ಪಾಗಿತ್ತೆಂದು ದಾಖಲೆ ಸಮೇತ ತೋರಿಸಿದರೆ ಮಾತ್ರ ಹಿಂದಿನ ದಿನಾಂಕವನ್ನು ಕೇಳಬಹುದು. ಅರ್ಜಿಯನ್ನೇ ಹಾಕದಿದ್ದ ತಿಂಗಳುಗಳಿಗೆ ಬಾಕಿ ಕೇಳುವುದು ವ್ಯರ್ಥ. ಅದಕ್ಕಾಗಿ ಬಸ್ಸಿನ ಖರ್ಚು ಮಾಡಬೇಡಿ.

ಮೊದಲ ಹೆಜ್ಜೆ: ಬರೆದು ಕೊಡಿ

ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಅಲ್-ಬಕರ ಅಧ್ಯಾಯದ 282ನೆಯದು. ಅದು ಸಾಲದ ವ್ಯವಹಾರವನ್ನು ಅವಧಿ ಸಮೇತ ಬರೆದಿಡುವುದರ ಬಗ್ಗೆ, ಸಾಕ್ಷಿಗಳ ಬಗ್ಗೆ. ನಾವು ಖುತ್ಬಾಗಳಲ್ಲಿ ಇದನ್ನು ಕೇಳುತ್ತೇವೆ. ಕಚೇರಿಗೆ ಹೋದಾಗ ಮರೆಯುತ್ತೇವೆ. ಹತ್ತು ಸಲ ಹೋಗಿ ಬಾಯಲ್ಲಿ ಕೇಳಿದರೂ ಕಡತದಲ್ಲಿ ನೀವು ಒಮ್ಮೆಯೂ ಬಂದಿಲ್ಲ. ಬಾಯಲ್ಲಿ ಬಂದ ನಿರಾಕರಣೆಯ ಮೇಲೆ ಮೇಲ್ಮನವಿ ಹಾಕುವುದೂ ಕಷ್ಟ.

ಆದ್ದರಿಂದ ತಾಲ್ಲೂಕು ಕಚೇರಿಯ ತಹಶೀಲ್ದಾರರಿಗೆ ಒಂದು ಪುಟದ ಮನವಿ ಬರೆಯಿರಿ. ಮಾದರಿ ಹೀಗಿರಲಿ:

“ಮಾನ್ಯ ತಹಶೀಲ್ದಾರರು, ……… ತಾಲ್ಲೂಕು ಇವರಿಗೆ. ವಿಷಯ: ವಿಧವಾ ವೇತನದ ಬಾಕಿ ಪರಿಶೀಲಿಸಿ ಪಾವತಿಸುವ ಬಗ್ಗೆ. ನನಗೆ ಆದೇಶ ಸಂಖ್ಯೆ ………, ದಿನಾಂಕ ………ರಂತೆ ವಿಧವಾ ವೇತನ ಮಂಜೂರಾಗಿದೆ. ……… ತಿಂಗಳಿನಿಂದ ……… ತಿಂಗಳವರೆಗೆ ಒಟ್ಟು …… ತಿಂಗಳು ಹಣ ನನ್ನ ಖಾತೆಗೆ ಬಂದಿಲ್ಲ. ಈ ಅವಧಿಯಲ್ಲಿಯೂ ನಾನು ಅರ್ಹಳಾಗಿದ್ದೆ. ನಿಲ್ಲಿಸುವ ಮುನ್ನ ನನಗೆ ನೋಟಿಸ್ ಬಂದಿಲ್ಲ. ಆದ್ದರಿಂದ ಈ ಅವಧಿಯ ದಾಖಲೆ ಪರಿಶೀಲಿಸಿ ಬಾಕಿ …… ರೂಪಾಯಿ ಪಾವತಿಸಲು ಕೋರುತ್ತೇನೆ. ನನ್ನ ಕೋರಿಕೆಯನ್ನು ಒಪ್ಪಲಾಗದಿದ್ದರೆ ಅದರ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.”

ಕೊನೆಯ ವಾಕ್ಯವನ್ನು ಯಾವ ಕಾರಣಕ್ಕೂ ಬಿಡಬೇಡಿ. ಮುಂದಿನ ಎಲ್ಲ ಹೆಜ್ಜೆಗಳಿಗೂ ಅದೇ ಆಧಾರ. ನಿಮಗೆ ನೋಟಿಸ್ ಬಂದಿದ್ದರೆ ಮಾತ್ರ ‘ನೋಟಿಸ್ ಬಂದಿಲ್ಲ’ ಎಂಬ ಸಾಲನ್ನು ತೆಗೆಯಿರಿ. ಬರೆದ ಪ್ರತಿಯೊಂದು ಮಾತೂ ನಿಜವಾಗಿರಬೇಕು.

ಜೊತೆಗೆ ಲಗತ್ತಿಸಬೇಕಾದವು: ಮಂಜೂರಾತಿ ಆದೇಶದ ಪ್ರತಿ, ಆಧಾರ್, ರೇಷನ್ ಕಾರ್ಡ್, ಮತ್ತು ಬ್ಯಾಂಕಿನಿಂದ ಪಡೆದ ಖಾತೆ ವಿವರ. ಖಾತೆ ವಿವರ ಹಣ ನಿಲ್ಲುವುದಕ್ಕೆ ಆರು ತಿಂಗಳ ಹಿಂದಿನಿಂದ ಇವತ್ತಿನವರೆಗೆ ಇರಲಿ. ಹಣ ಬರುತ್ತಿದ್ದುದು, ನಿಂತದ್ದು, ಮತ್ತೆ ಶುರುವಾದದ್ದು, ಮೂರೂ ಅದರಲ್ಲಿ ಕಾಣಬೇಕು. ಬಾರದ ತಿಂಗಳುಗಳ ಎದುರು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಹೆಸರಿನ ವ್ಯತ್ಯಾಸವಿದ್ದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ. ಆ ಅವಧಿಯಲ್ಲಿ ಊರಲ್ಲೇ ಇದ್ದಿರೆಂದು ತೋರಿಸಲು ಆಸ್ಪತ್ರೆಯ ಚೀಟಿ, ರೇಷನ್ ಪಡೆದ ದಾಖಲೆ ನೆರವಾಗುತ್ತವೆ.

ಮನವಿಯನ್ನು ಎರಡು ಪ್ರತಿ ಮಾಡಿ. ಕಚೇರಿಯ ಟಪಾಲು ಶಾಖೆಯಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮುದ್ರೆ, ದಿನಾಂಕ, ಸಹಿ ಪಡೆಯಿರಿ. ಮುದ್ರೆ ಹಾಕಲು ಒಪ್ಪದಿದ್ದರೆ ವಾದ ಬೇಡ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಪಾಸ್‌ಬುಕ್ಕಿನಲ್ಲಿಯೇ ಇಡಿ. ಪತಿಯನ್ನು ಕಳೆದುಕೊಂಡು ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುವ ಸಹೋದರಿಯರಿಗೂ ಇದೇ ದಾರಿ. ಅವರು ಸಹಿ ಮಾಡಿದ ಮನವಿಯನ್ನು ಅಂಚೆಯಲ್ಲಿ ಕಳಿಸಬಹುದು ಅಥವಾ ಒಂದು ಅಧಿಕಾರ ಪತ್ರದೊಂದಿಗೆ ಮನೆಯವರು ಕೊಡಬಹುದು. ಇದ್ದತ್ ಮುಗಿಯಲಿ ಎಂದು ಕಾದರೆ ಮೇಲ್ಮನವಿಯ ಗಡುವು ಕಳೆದುಹೋಗಬಹುದು.

‘ಹೊಸ ಅರ್ಜಿ ಹಾಕಿ’ ಎಂಬ ಸಲಹೆ

ಪಿಂಚಣಿ ನಿಂತವರಿಗೆ ಕೌಂಟರಿನಲ್ಲಿ ಸಿಗುವ ಸುಲಭದ ಸಲಹೆ ಇದು: “ಹಳೆಯದನ್ನು ಬಿಡಿ, ನಾಡಕಚೇರಿಯಲ್ಲಿ ಹೊಸ ಅರ್ಜಿ ಹಾಕಿ.” ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಹೊಸ ಅರ್ಜಿಯಿಂದ ಹೊಸ ದಿನಾಂಕದ ಪಿಂಚಣಿ ಬರುತ್ತದೆ. ಹಳೆಯ ಆದೇಶದ ಮೇಲಿನ ನಿಮ್ಮ ಹಿಡಿತ ಸಡಿಲವಾಗುತ್ತದೆ. ಮನೆ ನಡೆಸಲು ಹೊಸ ಅರ್ಜಿ ಅನಿವಾರ್ಯವಾದರೆ ಹಾಕಿ, ಆದರೆ ಅದಕ್ಕೆ ಮೊದಲೇ ಬಾಕಿಯ ಮನವಿ ಕೊಟ್ಟಿರಿ. “ಹಿಂದಿನ ಬಾಕಿಯ ಹಕ್ಕನ್ನು ಬಿಟ್ಟುಕೊಡದೆ ಈ ಅರ್ಜಿ ಸಲ್ಲಿಸಿದ್ದೇನೆ” ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಿ.

ಹೊಸ ಅರ್ಜಿಗೆ ಸಕಾಲ ಸಂಖ್ಯೆ ಸಿಗುತ್ತದೆ. 2011ರ ಕಾಯ್ದೆಯಡಿ 2012ರ ಏಪ್ರಿಲ್‌ನಲ್ಲಿ ಆರಂಭವಾದ ಸಕಾಲ, ಪಟ್ಟಿಯಲ್ಲಿರುವ ಸೇವೆಗಳನ್ನು ನಿಗದಿತ ದಿನಗಳಲ್ಲಿ ಕೊಡಬೇಕೆಂದು ಕಚೇರಿಗಳನ್ನು ಕಟ್ಟಿಹಾಕುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಅರ್ಜಿ ತಿರಸ್ಕೃತವಾದರೆ ಅಥವಾ ಗಡುವು ಮೀರಿದರೆ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಹಳೆಯ ಬಾಕಿಯ ಮನವಿಗೆ ಕೌಂಟರಿನಲ್ಲಿ ಸಕಾಲ ಸಂಖ್ಯೆ ಕೊಡದಿದ್ದರೆ ಗಾಬರಿ ಬೇಡ. ಅದಕ್ಕೆ ಟಪಾಲು ಮುದ್ರೆಯೇ ಸಾಕ್ಷಿ.

ಉತ್ತರವೇ ಬಾರದಿದ್ದರೆ

ಒಂದು ತಿಂಗಳು ಕಾಯಿರಿ. ಮೌನವೇ ಉತ್ತರವಾದರೆ ಮಾಹಿತಿ ಹಕ್ಕು ಕಾಯ್ದೆ, 2005 ನೆರವಿಗೆ ಬರುತ್ತದೆ. ಈ ಕಾಯ್ದೆಯ 4(1)(ಡಿ) ಕಲಮಿನಂತೆ, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣವನ್ನು ತಿಳಿಸುವುದು ಸರ್ಕಾರಿ ಕಚೇರಿಯ ಕರ್ತವ್ಯ. ‘ನೋಡಲು ಬರುವುದಿಲ್ಲ’ ಎಂದರೆ ಏಕೆ ಬರುವುದಿಲ್ಲ ಎಂಬುದನ್ನು ಹೇಳಲೇಬೇಕು.

ಕೇಳಬೇಕಾದ ಪ್ರಶ್ನೆಗಳು ಸರಳವಾಗಿರಲಿ: ನನ್ನ ಪಿಂಚಣಿಯನ್ನು ನಿಲ್ಲಿಸಿದ ಆದೇಶದ ಪ್ರತಿ ಕೊಡಿ. ನಿಲ್ಲಿಸುವ ಮುನ್ನ ಕೊಟ್ಟ ನೋಟಿಸಿನ ಪ್ರತಿ ಕೊಡಿ. ಈ ಅವಧಿಯಲ್ಲಿ ನನ್ನ ಹೆಸರಿಗೆ ಬಿಡುಗಡೆಯಾದ ಮತ್ತು ಮರಳಿದ ಪಾವತಿಗಳ ವಿವರ ಕೊಡಿ. ಬಾಕಿ ಪಾವತಿಸಬಾರದು ಎನ್ನುವ ಸುತ್ತೋಲೆ ಇದ್ದರೆ ಅದರ ಪ್ರತಿ ಕೊಡಿ. ನನ್ನ ಮನವಿಯ ಮೇಲೆ ಬರೆದ ಟಿಪ್ಪಣಿಗಳ ಪ್ರತಿ ಕೊಡಿ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರು ಕಾರ್ಡಿನ ಪ್ರತಿ ಲಗತ್ತಿಸಿದರೆ ಶುಲ್ಕವಿಲ್ಲ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ನೆನಪಿಡಿ, ಮಾಹಿತಿ ಹಕ್ಕಿನಿಂದ ಬಾಕಿ ಹಣ ಬರುವುದಿಲ್ಲ. ಕಾಗದ ಬರುತ್ತದೆ. ಆ ಕಾಗದದಿಂದಲೇ ಪಿಂಚಣಿಯ ಮೇಲ್ಮನವಿ ಗಟ್ಟಿಯಾಗುತ್ತದೆ.

ಮೇಲ್ಮನವಿಯಲ್ಲಿ ಎರಡು ಮಾತು ಕೇಳಬೇಕು

ಲಿಖಿತ ನಿರಾಕರಣೆ ಕೈಗೆ ಬಂದ ದಿನವನ್ನು ಕಾಗದದ ಮೇಲೆಯೇ ಬರೆದಿಡಿ. ಅಂದಿನಿಂದ 30 ದಿನದೊಳಗೆ ಮೇಲ್ಮನವಿ ಸಲ್ಲಿಸುವುದು ಸುರಕ್ಷಿತ. ಪಿಂಚಣಿಯ ವಿಷಯದಲ್ಲಿ ತಹಶೀಲ್ದಾರರ ಮೇಲಿನ ಹಂತ ಉಪವಿಭಾಗಾಧಿಕಾರಿ, ಜನ ‘ಎ.ಸಿ. ಸಾಹೇಬರು’ ಎನ್ನುವವರು. ನಮ್ಮ ಎರಡೂ ತಾಲ್ಲೂಕುಗಳಿಗೆ ಅವರ ಕಚೇರಿ ಚಿತ್ರದುರ್ಗದಲ್ಲಿದೆ. ಅವರ ಮೇಲೆ ಜಿಲ್ಲಾಧಿಕಾರಿ. ಯೋಜನೆಗಳ ಉಸ್ತುವಾರಿ ಬೆಂಗಳೂರಿನ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ್ದು. ಅದು ಕಂದಾಯ ಇಲಾಖೆಯ ಕೆಳಗಿದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಕಚೇರಿ “ನಿಮಗೆ ಅರ್ಹತೆ ಇಲ್ಲ” ಎಂದು ಹೇಳಿಲ್ಲ. “ಹಳೆಯದನ್ನು ನೋಡುವುದಿಲ್ಲ” ಎಂದಷ್ಟೇ ಹೇಳಿದೆ. ಎರಡೂ ಬೇರೆ ಬೇರೆ. ‘ನೋಡುವುದಿಲ್ಲ’ ಎನ್ನುವುದೂ ಒಂದು ತೀರ್ಮಾನವೇ, ಅದನ್ನೂ ಪ್ರಶ್ನಿಸಬಹುದು. ಮೇಲ್ಮನವಿಯಲ್ಲಿ ಎರಡನ್ನೂ ಕೇಳಬೇಕು. ಮೊದಲನೆಯದು: “ದಾಖಲೆ ಪರಿಶೀಲಿಸಲು ನಿರಾಕರಿಸಿದ ಹಿಂಬರಹವನ್ನು ರದ್ದುಪಡಿಸಿ.” ಎರಡನೆಯದು: “ದಾಖಲೆಗಳ ಆಧಾರದ ಮೇಲೆ ಬಾಕಿ ಪಾವತಿಗೆ ಆದೇಶಿಸಿ. ಅದು ಸಾಧ್ಯವಿಲ್ಲದಿದ್ದರೆ ಇಂತಿಷ್ಟು ದಿನದೊಳಗೆ ನನ್ನ ಮಾತು ಕೇಳಿ ತೀರ್ಮಾನಿಸುವಂತೆ ತಹಶೀಲ್ದಾರರಿಗೆ ನಿರ್ದೇಶನ ಕೊಡಿ.” ಮೊದಲನೆಯದನ್ನು ಮಾತ್ರ ಕೇಳಿದರೆ ಗೆದ್ದರೂ ಕಡತ ಮತ್ತೆ ಅದೇ ಮೇಜಿಗೆ ಬಂದು ಕೂರುತ್ತದೆ. ಎರಡನೆಯದನ್ನು ಮಾತ್ರ ಕೇಳಿದರೆ “ಕೆಳಗಿನ ಕಚೇರಿ ಇನ್ನೂ ತೀರ್ಮಾನಿಸಿಲ್ಲ” ಎಂದು ಮರಳಿಸಬಹುದು.

ಹೊರದೇಶದ ಒಂದು ಉದಾಹರಣೆ ಹೇಳುವುದಾದರೆ, ಬ್ರಿಟನ್ನಿನಲ್ಲಿ 2013ರಿಂದ ಇರುವ ಕ್ರಮದಂತೆ ಸಹಾಯಧನದ ತೀರ್ಮಾನ ಒಪ್ಪಿಗೆಯಾಗದವರು ಮೊದಲು ಅದೇ ಇಲಾಖೆಗೆ ಮರುಪರಿಶೀಲನೆ ಕೇಳಬೇಕು. ಅನಂತರ ಇಲಾಖೆಗೆ ಸಂಬಂಧವಿಲ್ಲದ ನ್ಯಾಯಮಂಡಳಿಗೆ ಹೋಗಬಹುದು. ನಮ್ಮಲ್ಲಿ ಈ ಪಿಂಚಣಿಗಳಿಗೆ ಅಂಥ ಪ್ರತ್ಯೇಕ ನ್ಯಾಯಮಂಡಳಿ ಇಲ್ಲ. ಮೇಲ್ಮನವಿ ಕೇಳುವವರೂ ಕಂದಾಯ ಇಲಾಖೆಯವರೇ. ಆದ್ದರಿಂದ ನಮ್ಮ ಕಾಗದಪತ್ರ ಇನ್ನಷ್ಟು ಚೊಕ್ಕಟವಾಗಿರಬೇಕು. ಕೊನೆಗೆ ಹೈಕೋರ್ಟ್ ಮೆಟ್ಟಿಲೇರಬೇಕಾದರೆ ಅಲ್ಲಿ ನೋಡುವುದು ನೀವು ಕೆಳಗಿನಿಂದ ಕೂಡಿಸಿಕೊಂಡು ಬಂದ ಈ ಕಾಗದಗಳನ್ನೇ.

ತಡವಾದಷ್ಟೂ ನಷ್ಟ

“ಇಷ್ಟು ವರ್ಷ ಏನು ಮಾಡುತ್ತಿದ್ದಿರಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಸುಪ್ರೀಂ ಕೋರ್ಟಿನ 2008ರ ತರ್ಸೆಮ್ ಸಿಂಗ್ ಪ್ರಕರಣ ಅರ್ಧ ಉತ್ತರ ಕೊಡುತ್ತದೆ. ಅದು ಸೈನಿಕರೊಬ್ಬರ ಅಂಗವೈಕಲ್ಯ ಪಿಂಚಣಿಯ ವಿಷಯ. ನಮ್ಮ ಸಾಮಾಜಿಕ ಭದ್ರತಾ ಪಿಂಚಣಿಗಿಂತ ಬೇರೆ ಬಗೆಯದು. ಆದರೂ ಅದರಲ್ಲಿ ಕಲಿಯುವುದಿದೆ. 1983ರಲ್ಲಿ ಸೇನೆಯಿಂದ ಬಿಡುಗಡೆಯಾದ ಅವರು ಹೈಕೋರ್ಟಿಗೆ ಹೋದದ್ದು 1999ರಲ್ಲಿ. ಪ್ರತಿ ತಿಂಗಳು ಸಲ್ಲಬೇಕಾದದ್ದನ್ನು ಕೊಡದಿದ್ದರೆ ಆ ತಪ್ಪು ತಿಂಗಳು ತಿಂಗಳೂ ಮುಂದುವರಿಯುತ್ತದೆ, ಆದ್ದರಿಂದ ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬೇಕಿಲ್ಲ ಎಂದು ನ್ಯಾಯಾಲಯ ಹೇಳಿತು. ಆದರೆ ಹಿಂದಿನ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಬೇಕು ಎಂದೂ ಹೇಳಿತು. ಹದಿನಾರು ವರ್ಷ ಕಾದ ಅವರಿಗೆ ಉಳಿದದ್ದು 38 ತಿಂಗಳ ಬಾಕಿ.

ಅಂದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ ನಾವು ತಡಮಾಡಿದ ಒಂದೊಂದು ತಿಂಗಳೂ ಹಿಂದಿನಿಂದ ಒಂದೊಂದು ತಿಂಗಳನ್ನು ಕಳೆದುಬಿಡಬಹುದು. ಅನಾರೋಗ್ಯ, ಇದ್ದತ್, ವಲಸೆ, ಓದು ಬಾರದಿರುವುದು, ಕಚೇರಿಯಿಂದ ಲಿಖಿತ ಉತ್ತರ ಬಾರದಿರುವುದು ಇವೆಲ್ಲ ತಡಕ್ಕೆ ನ್ಯಾಯವಾದ ಕಾರಣಗಳೇ. ಮೇಲ್ಮನವಿ ತಡವಾದರೆ ಜೊತೆಗೆ ‘ವಿಳಂಬ ಮನ್ನಿಸುವ ಕೋರಿಕೆ’ಯನ್ನು ಪ್ರತ್ಯೇಕವಾಗಿ ಬರೆದು, ದಿನಾಂಕಗಳ ಸಮೇತ ಕಾರಣ ತಿಳಿಸಿ.

ಗೃಹಲಕ್ಷ್ಮಿ ಮತ್ತು ರೇಷನ್

2023ರ ಆಗಸ್ಟ್ 30ರಂದು ಚಾಲನೆಗೊಂಡ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯ ವಿಷಯದಲ್ಲೂ ಕ್ರಮ ಇದೇ. ಅಲ್ಲಿ ಮೊದಲ ಕಚೇರಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು, ಮೇಲಿನದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿ. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರೆಂದು ತಪ್ಪಾಗಿ ದಾಖಲಾಗಿ ಕಂತು ನಿಂತಿದ್ದರೆ, ತೆರಿಗೆದಾರರಲ್ಲ ಎಂಬ ದಾಖಲೆಯನ್ನು ಪಡೆದು ಲಗತ್ತಿಸಬೇಕು. ಆಮೇಲೆ ನಿಂತ ಕಂತುಗಳನ್ನು ತಿಂಗಳ ಹೆಸರು ಹಿಡಿದು ಕೇಳಬೇಕು.

ರೇಷನ್ನಿನ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ 8ನೇ ಕಲಮಿನಂತೆ, ಹಕ್ಕಿನ ಧಾನ್ಯ ಸಿಗದಿದ್ದರೆ ಅದರ ಬದಲು ಆಹಾರ ಭದ್ರತಾ ಭತ್ಯೆ ಪಡೆಯಲು ಅರ್ಹರಿಗೆ ಅವಕಾಶವಿದೆ. ದೂರನ್ನು ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ಕೊಡಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಹೋಗಬಹುದು. ಪಿಂಚಣಿಗೆ ಇಲ್ಲದ ಸ್ವತಂತ್ರ ಮೆಟ್ಟಿಲು ಇಲ್ಲಿದೆ. ಅದನ್ನು ಬಳಸುವವರು ಕಡಿಮೆ.

ಯಾರು ಸಹಾಯ ಮಾಡುತ್ತಾರೆ?

ಕಂದಾಯ ಇಲಾಖೆ ಹೋಬಳಿಗಳಲ್ಲಿ ನಡೆಸುವ ಪಿಂಚಣಿ ಅದಾಲತ್‌ಗೆ ಹೋಗಿ. ತಳಕು, ಪರಶುರಾಂಪುರ, ನಾಯಕನಹಟ್ಟಿ, ದೇವಸಮುದ್ರದಂಥ ಹೋಬಳಿಗಳ ವೃದ್ಧರಿಗೆ ಚಿತ್ರದುರ್ಗದ ಬಸ್ಸು ಹಿಡಿಯುವುದಕ್ಕಿಂತ ಇದು ಸುಲಭ. ಅಲ್ಲಿಯೂ ಬಾಯಿಮಾತಿಗೆ ನಿಲ್ಲದೆ ಲಿಖಿತ ಮನವಿಯನ್ನೇ ಕೊಡಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಅದನ್ನೂ ಬರೆದಿಡಿ.

ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರಂತೆ ಮಹಿಳೆಯರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಮಹಿಳೆಯರಿಗೆ ಆದಾಯದ ಮಿತಿಯೂ ಇಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೈಕೋರ್ಟಿಗೆ ಹೋಗಬೇಕಾದ ಪ್ರಸಂಗ ಬಂದರೆ ಚಿತ್ರದುರ್ಗ ಜಿಲ್ಲೆಯವರಿಗೆ ಅದು ಬೆಂಗಳೂರಿನ ಪೀಠ, ಧಾರವಾಡವಲ್ಲ.

ಎರಡು ಎಚ್ಚರಿಕೆ

ಮೊದಲನೆಯದು, ದಲ್ಲಾಳಿಗಳು. “ಬಾಕಿ ಬರಿಸಿಕೊಡುತ್ತೇನೆ, ಅರ್ಧ ನನಗೆ” ಎನ್ನುವವರಿಂದ ದೂರವಿರಿ. ನಿಮ್ಮ ಆಧಾರ್, ಪಾಸ್‌ಬುಕ್, ಹೆಬ್ಬೆರಳಿನ ಗುರುತು ಅವರ ಕೈಗೆ ಹೋಗಬಾರದು. ಮನವಿ ಕೊಡಲು, ಮೇಲ್ಮನವಿ ಸಲ್ಲಿಸಲು ದಲ್ಲಾಳಿ ಬೇಕಿಲ್ಲ.

ಎರಡನೆಯದು, ಪ್ರಾಮಾಣಿಕತೆ. ಹಳೆಯ ದಾಖಲೆ ತೆರೆಯಿರಿ ಎಂದು ಕೇಳಿದಾಗ ಅದರಲ್ಲಿರುವುದೆಲ್ಲ ತೆರೆದುಕೊಳ್ಳುತ್ತದೆ. ಒಬ್ಬರೇ ಎರಡು ಪಿಂಚಣಿ ಪಡೆದಿದ್ದರೆ, ವಯಸ್ಸು ತಿದ್ದಿದ್ದರೆ, ಮರುಮದುವೆಯ ನಂತರವೂ ವಿಧವಾ ವೇತನ ಪಡೆದಿದ್ದರೆ ಅದೂ ಹೊರಬರುತ್ತದೆ, ವಸೂಲಿಗೆ ಆದೇಶವಾಗಬಹುದು. ಸಲ್ಲದ್ದನ್ನು ಪಡೆದಿದ್ದರೆ ಅದು ಅಮಾನತ್‌ಗೆ ಬಗೆದ ದ್ರೋಹ, ತಿದ್ದಿಕೊಳ್ಳಬೇಕು. ಸಲ್ಲಬೇಕಾದದ್ದು ಬಂದಿಲ್ಲದಿದ್ದರೆ ಕೇಳಲು ಹಿಂಜರಿಯಬಾರದು.

ನಮ್ಮ ಜಮಾಅತ್‌ಗಳು ಮಾಡಬಹುದಾದ ಕೆಲಸ

ತಿಂಗಳಿಗೆ ಒಂದು ಶುಕ್ರವಾರ, ಜುಮಾ ನಂತರ ಒಂದು ಗಂಟೆ, ಮಸೀದಿಯ ಅಂಗಳದಲ್ಲಿ ಒಂದು ಮೇಜು ಹಾಕಿ. ಕನ್ನಡ ಚೆನ್ನಾಗಿ ಬರೆಯಬಲ್ಲ ಇಬ್ಬರು ಯುವಕರು, ಸಹೋದರಿಯರಿಗಾಗಿ ಒಬ್ಬ ವಿದ್ಯಾವಂತ ಸಹೋದರಿ ಇದ್ದರೆ ಸಾಕು. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಯೋಜನೆ, ಹಣ ನಿಂತ ತಿಂಗಳು, ಮನವಿ ಕೊಟ್ಟ ದಿನ, 30 ದಿನ ಮುಗಿಯುವ ದಿನ ಎಂದು ಐದು ಕಾಲಂ ಎಳೆಯಿರಿ. ನೆರೆಹೊರೆಯ ಯಾವ ಧರ್ಮದವರು ಬಂದರೂ ಬರೆದುಕೊಡಿ. ಬಾಕಿ ಬರುವವರೆಗೆ ಆ ಮನೆಯ ಒಲೆ ಉರಿಯಲು ಝಕಾತ್, ಸದಕಾ ನೆರವಾಗಲಿ. ಆದರೆ ಝಕಾತ್ ಕೊಟ್ಟೆವೆಂದು ಅವರ ಹಕ್ಕಿನ ಬೆನ್ನು ಹತ್ತುವುದನ್ನು ಬಿಡಬೇಡಿ.

ಮುಂದಿನ ಜುಮಾಗೆ ಹೊರಡುವಾಗ ಮನೆಯ ಹಿರಿಯರ ಪಾಸ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ. ಹಿಂದಿನ ಮೂರು ವರ್ಷದಲ್ಲಿ ಯಾವ ತಿಂಗಳು ಖಾಲಿ ಇದೆಯೆಂದು ಎಣಿಸಿ. ಖಾಲಿ ಇದ್ದರೆ ಆ ವಾರವೇ ಮನವಿ ಬರೆಯಿರಿ. ಹಕ್ಕುದಾರರಿಗೆ ಅವರ ಹಕ್ಕನ್ನು ತಲುಪಿಸುವ ಕೆಲಸದಲ್ಲಿ ಅಲ್ಲಾಹನು ನಮ್ಮೆಲ್ಲರಿಗೂ ತಾಳ್ಮೆಯನ್ನೂ ಯಶಸ್ಸನ್ನೂ ಕರುಣಿಸಲಿ. ಆಮೀನ್.